ಕಂಬಳಿ ಅಕ್ಕನನ್ನು ಬರೆದ ಕಾಕಾ

ಪೇಂಟರ್ ಕಾಕಾರ ತಲೆಯೆಲ್ಲ ಬೆಳ್ಳಗಾಗಿದ್ದರೂ ಬಲಗಿವಿಯ ಮೇಲಿನ ಕೂದಲು ಮಾತ್ರ ಒಂದು ದಿನ ಹಸಿರು, ಇನ್ನೊಂದು ದಿನ ಕೆಂಪು. ಬ್ರಷ್ಷನ್ನು ಒರೆಸದೆ ಕಿವಿಗೆ ಸಿಕ್ಕಿಸುವ ಚಟ ಅವರದು. ಆ ಕೂದಲು ನೋಡಿಯೇ ಇಂದು ಕಬ್ಬಿನ ಟ್ರ್ಯಾಲಿಗೆ ಬಣ್ಣ ಹೊಡೆದರೋ ಶಾಲೆಯ ಗೋಡೆಗೋ ಎಂದು ನಾವು ಹೇಳುತ್ತಿದ್ದೆವು.

ಬನಹಟ್ಟಿಯಲ್ಲಿ ನನ್ನ ಹೊಲಿಗೆ ಶೆಡ್ಡಿನ ಪಕ್ಕದಲ್ಲೇ ಅವರ ಜಾಗ. ನಮ್ಮ ಕಡೆ ಟ್ರ್ಯಾಲಿಯ ಹಿಂಬದಿಗೆ ಚಿತ್ರ ಬರೆದವರು ಕೆಳಗಿನ ಮೂಲೆಯಲ್ಲಿ ತಮ್ಮ ಹೆಸರು, ಊರು ಹಾಕಿಕೊಳ್ಳುವುದು ರೂಢಿ. ಕಾಕಾ ಕೂಡ ಹಾಕುತ್ತಿದ್ದರು. ಆದರೆ ಟ್ರ್ಯಾಕ್ಟರಿನವರು ಪರದೇಶದ ಸಿನಿಮಾದ ಆ ಹಾರುವ ಶೂರನನ್ನು ಬರೆಸಿದಾಗ ಮಾತ್ರ ಮೂಲೆ ಖಾಲಿ ಬಿಡುತ್ತಿದ್ದರು.

"ಅಂವ ನಾ ಹಡದ ಮಗಾ ಅಲ್ಲ. ಹೆಸರ ಹ್ಯಾಂಗ ಹಾಕ್ಲಿ?"

ಹಾಗಾದರೆ ಬರೆಯುವುದಾದರೂ ಯಾಕೆ ಎಂದು ಕೆಣಕಿದರೆ ಸುಮ್ಮನೆ ಹೊಟ್ಟೆ ತೋರಿಸುತ್ತಿದ್ದರು.

ನನಗೆ ಅಷ್ಟು ನಾಚಿಕೆಯೂ ಇರಲಿಲ್ಲ. ಆರು ಹೆಣ್ಣುಮಕ್ಕಳು ನನ್ನ ಶೆಡ್ಡಿನಲ್ಲಿ ಮಕ್ಕಳ ಅಂಗಿ ಹೊಲಿಯುತ್ತಿದ್ದರು. ಅದೇ ಶೂರನ ಚಿತ್ರ ಅಚ್ಚು ಹಾಕಿದರೆ ಮಾಲು ನಿಲ್ಲುತ್ತಿರಲಿಲ್ಲ. ಸ್ವಲ್ಪ ಬದಲಿಸಿದರೆ ಯಾರೂ ಕೇಳುವುದಿಲ್ಲ ಎಂದು ಯಾರೋ ಹೇಳಿದರು. ಅಚ್ಚು ಹಾಕುವವರಿಗೆ ಹೇಳಿ ಶೂರನ ತಲೆಗೆ ರುಮಾಲು ಸುತ್ತಿಸಿ, ಹುರಿ ಮೀಸೆ ಬರೆಸಿದೆ. ಇನ್ನು ಇವನು ಜಮಖಂಡಿಯವನೇ ಎಂದು ನಂಬಿಬಿಟ್ಟೆ, ನನ್ನ ಬುದ್ಧಿಗಿಷ್ಟು.

ದೀಪಾವಳಿಗೆ ಮುಂಚೆ ನಮ್ಮ ಮಾಲು ಕೊಳ್ಳುವ ಬೆಳಗಾವಿಯ ವ್ಯಾಪಾರಿಗೆ ವಕೀಲರ ನೋಟಿಸು ಬಂತು. ಚಿತ್ರದ ಹಕ್ಕು ಕಂಪನಿಯದು, ಮಾರಕೂಡದು. ಆತ ಗಂಟುಗಳನ್ನೆಲ್ಲ ಟೆಂಪೋದಲ್ಲಿ ವಾಪಸು ಕಳಿಸಿದ. ಹೊಸ ಮಾಲು ಬೇಗ ಕೊಡದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದೂ ಹೇಳಿಸಿದ. ನಾನು ಗಂಟಿನ ಮೇಲೆ ಕುಳಿತು ಅತ್ತೆ. ಕಾಕಾ ಬಂದು ಒಂದು ಅಂಗಿ ಬಿಡಿಸಿ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮಂದಿ ಎಮ್ಮಿ ಕೊಳ್ಳಾಗ ನಮ್ಮ ಗಂಟಿ ಕಟ್ಟಿದ್ರ ಎಮ್ಮಿ ನಮ್ಮದಾಗತೈತೇನ, ತಂಗಿ?"

"ಎಮ್ಮಿ ಮಾತ ಆಮ್ಯಾಲ ಹೇಳ್ರಿ ಕಾಕಾ. ಮಷಿನ್ ನಿಂತ್ರ ಈ ಹೆಣ್ಣಮಕ್ಕಳಿಗೆ ನಾ ಏನ ಹೇಳ್ಲಿ?" ಎಂದು ರೇಗಿದೆ.

ಅವರ ನಗು ನಿಂತಿತು. ಅಂಗಿ ಮಡಚಿಟ್ಟು ಹೋದರು. ಮೂರನೆಯ ದಿನ ಒಂದು ಹಾಳೆ ತಂದು ನನ್ನ ಮುಂದೆ ಬಿಚ್ಚಿದರು. ಒಬ್ಬ ಹುಡುಗಿ ಕೃಷ್ಣೆಯ ಹಿನ್ನೀರನ್ನು ಒಂದೇ ನೆಗೆತಕ್ಕೆ ದಾಟುತ್ತಿದ್ದಳು. ಬೆನ್ನ ಹಿಂದೆ ಕರಿ ಕಂಬಳಿ ಹಾರುತ್ತಿತ್ತು. ಬಲ ಸೊಂಟದ ಮೇಲೆ ಕುರಿಮರಿ, ಎಡಗೈಯಲ್ಲಿ ಕೋಲು.

"ಇಕಿ ಏನೇನ ಮಾಡ್ತಾಳ್ರಿ?" ಎಂದೆ.

"ಕಡೀ ಮರಿ ಸಿಗೂತನಾ ಮನಿಗಿ ಹೋಗಂಗಿಲ್ಲ. ಅಷ್ಟ."

ಆಕೆಗೆ ಕಂಬಳಿ ಅಕ್ಕ ಎಂದು ಹೆಸರಿಟ್ಟವರು ನಮ್ಮ ಹೊಲಿಗೆಯ ಹೆಣ್ಣುಮಕ್ಕಳು. ವ್ಯಾಪಾರಿ ಮೂಗು ಮುರಿಯುತ್ತಲೇ ಆಕೆಯ ಚಿತ್ರದ ಅಂಗಿಗಳ ಒಂದು ಗಂಟು ಒಯ್ದ. ಹದಿನೈದು ದಿನಕ್ಕೆ ಅವನೇ ಫೋನು ಮಾಡಿ ಇನ್ನಷ್ಟು ಕೇಳಿದ. ಮಷಿನ್ ನಿಲ್ಲಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಹಾಲಿಂಗಪುರದ ಒಂದು ಅಂಗಡಿಯಲ್ಲಿ ಕಂಬಳಿ ಅಕ್ಕ ನೇತಾಡುತ್ತಿದ್ದಳು. ಅಂಗಿ ನಮ್ಮದಲ್ಲ. ನಾನು ಪೊಲೀಸರ ಹತ್ತಿರ ಹೊರಟೆ. ಮಾಡಿದ್ದುಣ್ಣೋ ಮಹಾರಾಯ ಎಂದು ಕಾಕಾ ನನ್ನನ್ನು ಚುಚ್ಚಬಹುದಿತ್ತು, ಚುಚ್ಚಲಿಲ್ಲ. "ಮೊದಲ ನಾ ಮಾತಾಡ್ತೇನಿ" ಎಂದು ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ.

ಅಂಗಡಿಯಲ್ಲಿ ದನಿ ಏರಿಸಲಿಲ್ಲ. ಚಿತ್ರ ತೋರಿಸಿ ಸಾಹುಕಾರರನ್ನು ಕೇಳಿದರು. "ಇಕಿ ಕೋಲ ಎಡಗೈಯಾಗ ಯಾಕ ಹಿಡದಾಳ್ರಿ?"

"ಯಾರಿಗ್ಗೊತ್ರಿ. ಹಂಗ ಬರದಾರ."

"ನಮ್ಮವ್ವ ಕುರಿ ಕಾಯಾಕ ಹೋದಾಗ, ನಡೀಲಾರದ ಮರೀನ ಬಲಗಡೆ ಟೊಂಕದ ಮ್ಯಾಲ ಹೊತಗೊಂಡ ಬರತಿದ್ಲ್ರಿ. ಕೋಲ ಎಡಗೈಗಿ ಹೋಗತಿತ್ತು. ಇಕಿ ನಮ್ಮವ್ವ ಅದಾಳ್ರಿ."

ಸಾಹುಕಾರರು ತಾವೇ ಸ್ಟೂಲು ಹತ್ತಿ ಅಂಗಿಗಳನ್ನು ಇಳಿಸಿದರು. ಜಗಳಕ್ಕೆಂದು ಸೆರಗು ಸಿಕ್ಕಿಸಿ ಹೋದ ನಾನು ಅವನ್ನು ಮಡಚಿಡಲು ಕೈಹಾಕಿದೆ. ಬಸ್ಸಿನಲ್ಲಿ ಬರುವಾಗ, ಆ ಪರದೇಶದ ಶೂರನನ್ನೂ ಯಾರೋ ಒಬ್ಬರು ಹೀಗೆಯೇ ತಮ್ಮ ಮನೆಯವರನ್ನು ನೆನೆದು ಬರೆದಿರಬಹುದಲ್ಲ ಎನಿಸಿ ನಿಜಕ್ಕೂ ನಾಚಿಕೆಯಾಯಿತು.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಉಬ್ಬಸ ಹೆಚ್ಚಾದಾಗ ನನ್ನನ್ನು ಕರೆಸಿ ಕಂಬಳಿ ಅಕ್ಕನ ಮೂಲ ಹಾಳೆಯನ್ನು ಕೈಗಿಟ್ಟಿದ್ದರು. ಅದರ ಹಿಂದೆ ಅವರದೇ ಅಕ್ಷರ: 'ಈಕೆಯನ್ನು ಅಚ್ಚು ಹಾಕುವ ಅಂಗಡಿಯವರು ನನ್ನ ಈ ಮಗಳನ್ನು ಕೇಳಬೇಕು. ಬರೆಯುವ ಮಕ್ಕಳು ಯಾರನ್ನೂ ಕೇಳಬೇಕಾಗಿಲ್ಲ.' ಅವರಿಗೂ ನನಗೂ ರಕ್ತಸಂಬಂಧ ಏನೂ ಇರಲಿಲ್ಲ. ಆ 'ಮಗಳು' ಎಂಬ ಒಂದು ಮಾತಿನ ಋಣ ನನ್ನಿಂದ ತೀರುವಂಥದ್ದಲ್ಲ.

ಮೊನ್ನೆ ಬೀಳಗಿಯಲ್ಲಿ ಒಂದು ಓಣಿ ಹಾದು ಹೋಗುವಾಗ ಕನ್ನಡಕದ ಹುಡುಗಿಯೊಬ್ಬಳು ಮನೆಯ ಗೋಡೆಗೆ ಸುಣ್ಣದ ಕಡ್ಡಿಯಿಂದ ಕಂಬಳಿ ಅಕ್ಕನನ್ನು ಬರೆಯುತ್ತಿದ್ದಳು. ಅಕ್ಕನಿಗೂ ಕನ್ನಡಕ ಹಾಕಿದ್ದಳು.

"ಯಾರವ್ವಾ ಇಕಿ?" ಎಂದೆ.

"ನಮ್ಮ ಕಂಬಳಿ ಅಕ್ಕ. ನಿಮಗ ಗೊತ್ತಿಲ್ಲೇನ್ರಿ?"

"ಇಲ್ಲವಾ, ಹೇಳು" ಎಂದು ಅವರ ಮನೆಯ ಕಟ್ಟೆಯ ಮೇಲೆ ಕುಳಿತೆ.