ಕಮಲಾಪುರದ ಗೋಡೆಗೆ ಆರು ತೂತು

ಟಣ್, ಟಣ್, ಟಣ್. ಸ್ಟೀಲಿನ ತಂಬಿಗೆ ಟೈಲ್ಸ್ ಗೋಡೆಗೆ ಬಡಿಯುವ ಸದ್ದು ಅದು. ಯಾರೂ ಬರದಿದ್ದರೆ ಸ್ವಲ್ಪ ತಡೆದು ಮತ್ತೆ ಟಣ್, ಟಣ್. ಲಾಕ್‌ಡೌನ್ ಮುಗಿದ ಮರುವರ್ಷ, ಕಮಲಾಪುರದ ಸಂತೆಯ ಹಿಂದಿನ ಓಣಿಯ ಆ ಮನೆಗೆ ಮೊದಲ ಸಲ ಕಾಲಿಟ್ಟಾಗ ನನ್ನನ್ನು ಬರಮಾಡಿಕೊಂಡದ್ದು ಈ ಸದ್ದೇ. ನನಗೆ ಕುರ್ಚಿ ಹಾಕುತ್ತಿದ್ದ ಸೊಸೆ ರಿಜ್ವಾನಾ ಅದನ್ನು ಅಲ್ಲಿಯೇ ಬಿಟ್ಟು, "ಅತ್ತೀಯವರು ಕರೀಲಾಕತ್ತಾರ್ರೀ" ಅನ್ನುತ್ತ ಒಳಗೆ ಓಡಿದಳು. ಬಚ್ಚಲಲ್ಲಿ ಕೂತ ಮಹಬೂಬಿ ಆಪಾಗೆ ಎದ್ದು ನಿಲ್ಲಲು ಇನ್ನೊಬ್ಬರ ಕೈ ಬೇಕಾಗಿತ್ತು. ಬಾಯಿಬಿಟ್ಟು ಕರೆಯುವುದು ಅವರಿಗೆ ಅವಮಾನ. ಅದಕ್ಕೇ ಈ ತಂಬಿಗೆ.

ಕಲಬುರಗಿಯ ಆಸ್ಪತ್ರೆಯೊಂದರಿಂದ ರಿಟೈರ್ ಆದ ಮೇಲೆ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಒಂದು ಕಾರ್ಯಕ್ರಮದಲ್ಲಿ ನಾನು ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಸೇರಿಕೊಂಡಿದ್ದೆ. ಈ ಹೆಸರು ಕೇಳಿದ ಕೂಡಲೇ ಜನ ನಾನು ನೌಕರಿ ಕೊಡಿಸುವವಳು ಅಂದುಕೊಳ್ಳುತ್ತಾರೆ. ಫಿಸಿಯೋಥೆರಪಿಸ್ಟ್ ಕಾಲಿಗೆ ಬಲ ತುಂಬುತ್ತಾರೆ. ಆ ಕಾಲಿಟ್ಟುಕೊಂಡು ಬಚ್ಚಲಿಗೆ ಹೋಗಿಬರುವುದು, ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳುವುದು, ರೊಟ್ಟಿ ಬಡಿಯುವುದು, ಇದೆಲ್ಲ ನಮ್ಮ ಪಾಲಿನದು. ಆಸ್ಪತ್ರೆಯಲ್ಲಿದ್ದಾಗ ಗೋಡೆಗೆ ಒಂದು ಹಿಡಿಕೆ ಹಾಕಿಸಬೇಕೆಂದರೆ ಮೇಂಟೆನೆನ್ಸ್‌ನವರ ಬೆನ್ನು ಹತ್ತಿ ತಿರುಗಬೇಕು. ತಿರುಗಿ ತಿರುಗಿ ಸಾಕಾಗಿ ನಾನೇ ಒಂದು ಡ್ರಿಲ್ ಮಷೀನ್ ಕೊಂಡೆ. ಕಮಲಾಪುರದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಕಂಡಕ್ಟರ್, "ಮಿಕ್ಸರ್ ರಿಪೇರಿಗಿ ಒಯ್ಲಾಕತ್ತೀರೇನ್ರೀ ಅಮ್ಮಾರ?" ಅಂತ ಕೇಳುತ್ತಿದ್ದ.

ಗೋಡೆ ಕೊರೆಯುವ ಚಟ ನನಗೆ ಬಂದದ್ದು, ನಂಬಿದರೆ ನಂಬಿ, ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಿಂದ. ನಮ್ಮದು ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಮಾತ್ರ ಸ್ಟ್ರಿಕ್ಟ್ ಇಂಗ್ಲಿಷ್. ಹೊಲಿಗೆ ಒಂದು ನೂಲೆಳೆಯಷ್ಟು ಸೊಟ್ಟ ಹೋದರೂ ಸಿಸ್ಟರ್ ಪೂರ್ತಿ ಬಿಚ್ಚಿಸಿ, "ಅಗೇನ್, ಚೈಲ್ಡ್" ಅನ್ನುತ್ತಿದ್ದರು. ಆಗ ಅತ್ತಿದ್ದೆ. ಈಗ ಗೋಡೆಯ ಮೇಲೆ ತೂತಿನ ಗುರುತು ಒಂದಿಷ್ಟು ಸೊಟ್ಟ ಬಿದ್ದರೂ ಆ ಕ್ಲಾಸ್‌ರೂಮು, ಕಿಟಕಿಯ ಹತ್ತಿರದ ಆ ಬೆಂಚು ನೆನಪಾಗಿ, ಅಳಿಸಿ ಮತ್ತೆ ಹಾಕುತ್ತೇನೆ.

ಮಹಬೂಬಿ ಆಪಾ ಕಮಲಾಪುರದ ಅರ್ಧ ಊರಿಗೆ ಬ್ಲೌಸ್ ಹೊಲಿದವರು. ನನ್ನದೇ ವಾರಿಗೆ. ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸೋತಿದ್ದವು. ಬಲಗಡೆ ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ. ರಿಪೋರ್ಟು ನೋಡಿದರೆ ಮೂತ್ರದ ಇನ್‌ಫೆಕ್ಷನ್, ಮೇಲಿಂದ ಮೇಲೆ. ತುಟಿ ಒಡೆದಿದ್ದವು. ರಿಜ್ವಾನಾ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ನೀರೇ ಕುಡ್ಯಂಗಿಲ್ಲರೀ ಮೇಡಂ. ಕುಡದ್ರ ಬಚ್ಚಲಿಗಿ ಹೋಗಬೇಕಲ್ಲ. ನಾ ಕೆಲಸಕ್ಕ ಹೋದ್ರ ಎಬ್ಬಸೋರು ಯಾರು? ಮುಂಜಾನಿ ಅರ್ಧ ಕಪ್ ಚಹಾ, ಮುಗೀತು."

ಆಪಾ ಇನ್ನೊಬ್ಬರ ಕೈ ಕಾಯುವುದಕ್ಕಿಂತ ಬಾಯಾರಿಕೆಯೇ ವಾಸಿ ಅಂತ ತೀರ್ಮಾನಿಸಿದ್ದರು. ಹೀಗೇ ಬಿಟ್ಟರೆ ಕಿಡ್ನಿಗೆ ಹೋಗುತ್ತದೆ ಎಂದು ಡಾಕ್ಟರು ಬರೆದಿದ್ದರು. ಮಗ ಇಕ್ಬಾಲ್ ತನಗೆ ತಿಳಿದ ಉಪಾಯ ಮಾಡಿದ್ದ, ಡೈಪರ್ ಪ್ಯಾಕೆಟ್ ತಂದಿದ್ದ. ಆಪಾ ಅದನ್ನು ಅಂಗಳಕ್ಕೆ ಎಸೆದಿದ್ದರು. "ಮೊಮ್ಮಗನಿಗಿ ಹಾಕು ಹೋಗ್" ಅಂದರಂತೆ. ಮೊಮ್ಮಗ ಇನ್ನೂ ಹುಟ್ಟಿರಲಿಲ್ಲ.

ಕೇಸು ನನಗೆ ಸರಳವಾಗಿಯೇ ಕಂಡಿತು. ಬಚ್ಚಲಲ್ಲೇ ಇದ್ದ ಪಾಯಖಾನೆಯ ಮೇಲೆ ಒಂದು ಕಮೋಡ್ ಸ್ಟೂಲ್, ಬಲಗಡೆ ಗೋಡೆಗೆ ಒಂದು ಅಡ್ಡ ಹಿಡಿಕೆ. ನಾವು ಗ್ರ್ಯಾಬ್ ಬಾರ್ ಅನ್ನುತ್ತೇವೆ. ಅದನ್ನು ಹಿಡಿದು ಜಗ್ಗಿ ಏಳಬೇಕು ಅಂತ ಎಲ್ಲರೂ ತಿಳಿಯುತ್ತಾರೆ. ಅಲ್ಲ, ಅದರ ಮೇಲೆ ಕೈ ಊರಿ, ಕೆಳಗೆ ಒತ್ತಿ ಏಳಬೇಕು. ಅದಕ್ಕಾಗಿಯೇ ಎತ್ತರ ಮುಖ್ಯ. ಕೂತವರ ಮೊಣಕೈ ಎಲ್ಲಿ ಬರುತ್ತದೋ ಅಲ್ಲಿ ಹಿಡಿಕೆ. ಒಂದು ಗೇಣು ಮೇಲೆ ಹೋದರೂ ಭಾರವೆಲ್ಲ ಭುಜಕ್ಕೆ ಬೀಳುತ್ತದೆ, ಇರುವ ಒಂದೇ ಒಳ್ಳೆಯ ಭುಜವೂ ಹಾಳು. ನಮ್ಮ ಕಾರ್ಯಕ್ರಮದ ಚಾರ್ಟಿನಲ್ಲಿ ಎಲ್ಲರಿಗೂ ಒಂದೇ ಎತ್ತರ, ಎಂಬತ್ತು ಸೆಂಟಿಮೀಟರ್. ಆಪಾ ಗಿಡ್ಡ ಆಳು, ಸ್ಟೂಲೂ ಗಿಡ್ಡ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಅಳೆಯಲು ಹೋದರೆ ಅವರೇ ನನ್ನ ಕೈಯಿಂದ ಟೇಪು ಕಿತ್ತುಕೊಂಡರು.

"ಟೇಪ್ ಹಿಡಿಯೂದು ನನಗ ಕಲಿಸ್ಲಾಕ ಬಂದೀರೇನ್ ಬಾಯಿ?"

ಮರಾಠಿ ಮನೆಯವಳು ಅಂತ ನನ್ನನ್ನು ಅವರು 'ಬಾಯಿ' ಅಂತಲೇ ಕರೆಯುತ್ತಿದ್ದರು. ನೆಲದಿಂದ ಮೊಣಕೈಗೆ ಅರವತ್ತನಾಲ್ಕು ಬಂತು. ತಮ್ಮ ಹೊಲಿಗೆ ಡಬ್ಬಿಯಿಂದ ಬಟ್ಟೆಗೆ ಗೆರೆ ಎಳೆಯುವ ನೀಲಿ ಚಾಕ್ ತರಿಸಿ, ಗೋಡೆಯ ಮೇಲೆ ಆಪಾ ತಾವೇ ಗೆರೆ ಎಳೆದರು.

ಸಂಜೆ ಕೆಲಸದಿಂದ ಬಂದ ಇಕ್ಬಾಲ್ ಆ ಗೆರೆ ನೋಡಿ ಮುಖ ಗಂಟು ಹಾಕಿಕೊಂಡ. "ಡ್ರಿಲ್ ಬ್ಯಾಡ್ರೀ ಮೇಡಂ. ಟೈಲ್ಸ್ ಒಡೀತಾವ."

"ಒಡೀದಂಗ ಕೊರೀತೀನಪ್ಪ."

"ನಿಮಗ ಗೊತ್ತಾಗಂಗಿಲ್ಲರೀ. ನಾ ಟೈಲ್ಸ್ ಮಿಸ್ತ್ರಿ ಇದ್ದೀನಿ. ಹೆಣ್ಮಕ್ಕಳು ಮಾಡೋ ಕೆಲಸಲ್ಲ ಇದು."

ನಿಜ, ಅವನು ಒಳ್ಳೆಯ ಮಿಸ್ತ್ರಿ. ಕಲಬುರಗಿಯ ಕೋಟನೂರ ಕಡೆ ಏಳುತ್ತಿರುವ ಹೊಸ ಮನೆಗಳಲ್ಲಿ ಅವನ ಕೆಲಸಕ್ಕೆ ಹೆಸರಿತ್ತು. ಅಲ್ಲಿ ಉಳಿದ ತಿಳಿಹಸಿರು ಟೈಲ್ಸಿನಿಂದಲೇ ಅಮ್ಮನ ಬಚ್ಚಲು ಮಾಡಿದ್ದ. ಅಂಥವನು ಒಂದು ಡ್ರಿಲ್ಲಿಗೆ ಇಷ್ಟು ಹೆದರುವುದು ಏಕೆ ಅಂತ ನನಗೆ ತಿಳಿಯಲಿಲ್ಲ. ತಾಯಿಗೆ ತಿಳಿದಿತ್ತು. ಆವತ್ತು ಅವರು ನೀಲಿ ಚಾಕನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು.

ಮುಂದಿನ ವಾರ ಹೋದರೆ ಇಕ್ಬಾಲ್ ಆನ್‌ಲೈನ್‌ನಲ್ಲಿ ತರಿಸಿದ ಒಂದು ಹಿಡಿಕೆ ಗೋಡೆಗೆ ಅಂಟಿತ್ತು. ರಬ್ಬರಿನ ಬಟ್ಟಲು ಗಾಳಿ ಎಳೆದು ಹಿಡಿಯುತ್ತದಲ್ಲ, ಆ ಜಾತಿಯದು. ತೂತೂ ಬೇಡ, ಸ್ಕ್ರೂನೂ ಬೇಡ. ಸಾಬೂನಿನ ಡಬ್ಬಿ ತೂಗುಹಾಕಲು ಫೈನ್. ಮನುಷ್ಯರ ಭಾರಕ್ಕಲ್ಲ. ನಾನು ಅದರ ಮೇಲೆ ಎರಡೂ ಕೈ ಊರಿದೆ. 'ಫುಸ್' ಅಂತ ಕಿತ್ತು ಬಂತು, ನಾನು ಮುಗ್ಗರಿಸಿ ಬಕೆಟ್ ಹಿಡಿದುಕೊಂಡೆ.

"ನನ್ನ ಬದಲಿ ಬಾಯಿ ಬಿದ್ರು" ಅಂದರು ಆಪಾ ಬಾಗಿಲಲ್ಲಿ ಕೂತು. "ಇಕ್ಬಾಲ್, ಇನ್ನೊಂದು ತರಸ್ತೀ? ಸಾಲಾಗಿ ಎಲ್ಲಾರೂ ಬೀಳೂಣು."

ನಾನು ಚೀಲದಿಂದ ಮಷೀನ್ ತೆಗೆದೆ. ಕೊರೆಯುವ ಮುಂಚೆ ಟೈಲನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಪದ್ಧತಿ. ಹಿಂದೆ ಸಿಮೆಂಟ್ ತುಂಬಿದ್ದರೆ ಟಕ್ ಅನ್ನುತ್ತದೆ, ಪೊಳ್ಳಿದ್ದರೆ ಡಬ್. ಪೊಳ್ಳಿನ ಮೇಲೆ ಡ್ರಿಲ್ ಇಟ್ಟರೆ ಟೈಲ್ ಹಪ್ಪಳದಂತೆ ಮುರಿಯುತ್ತದೆ. ನಾನು ಇನ್ನೂ ಕೈ ಎತ್ತಿರಲಿಲ್ಲ.

"ನಕ್ಕೋ ಬಾಯಿ, ಬಡದು ನೋಡಬ್ಯಾಡ್ರಿ" ಅಂದರು ಆಪಾ. "ಈ ಗ್ವಾಡಿ ನಾ ದಿನಾ ಬಡದೀನಿ. ಎಲ್ಲಿ ಗಟ್ಟಿ ಅದ, ಎಲ್ಲಿ ಡಬ್ಬ ಅದ, ನನಗ ಪೂರಾ ಗೊತ್ತದ." ರಿಜ್ವಾನಾಳ ಕೈ ಹಿಡಿದು ಒಳಗಿನ ಸ್ಟೂಲಿಗೆ ಬಂದು, ತಂಬಿಗೆ ಎತ್ತಿಕೊಂಡು ಕೂತಲ್ಲಿಂದಲೇ ಚಾಚಿ ಬಡಿದರು. ಕಿಟಕಿಯ ಕೆಳಗೆ ಟಣ್. ಬಾಗಿಲ ಪಕ್ಕ ಟಣ್. ನೀಲಿ ಗೆರೆಯ ಮೇಲೆ ಡಬ್. ಅದರ ಪಕ್ಕದಲ್ಲೂ ಡಬ್.

ಇಕ್ಬಾಲ್ ನೆಲ ನೋಡುತ್ತಿದ್ದ. ಟೈಲಿನ ಹಿಂದೆ ಪೂರ್ತಿ ಸಿಮೆಂಟ್ ಸವರಬೇಕು. ಅವಸರದಲ್ಲಿರುವವರು ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು ಉಂಡೆ ಇಟ್ಟು ಒತ್ತಿಬಿಡುತ್ತಾರೆ. ಹೊರಗಿಂದ ಚೆಂದವೇ ಕಾಣುತ್ತದೆ.

"ಊರ ಮಂದಿ ಮನಿಗೆಲ್ಲ ಗಟ್ಟಿ ಗ್ವಾಡಿ" ಅಂದರು ತಾಯಿ. "ಅಮ್ಮಿಗಿ ಐದು ಉಂಡಿ."

ಅವನಿಗೆ ಸಿಟ್ಟು ಬಂತು. ನಾಚಿಕೆಗೂ ಸಿಟ್ಟಿನ ಮುಖವೇ ಇರುತ್ತದೆ. "ಒಂದು ಗೇಣು ಮ್ಯಾಲ ಗಟ್ಟಿ ಅದಲ್ಲ, ಅಲ್ಲಿ ಹಾಕ್ರಿ. ನಿಮ್ಮ ಚಾರ್ಟಿನ್ಯಾಗೂ ಅಷ್ಟೇ ಎತ್ತರ ಅದ ಅಂತ ರಿಜ್ವಾನಾ ಹೇಳ್ಯಾಳ. ಒಂದು ಗೇಣಿಗಿ ಏನಾಗ್ತಾದ?"

ನಮ್ಮ ಕಾರ್ಯಕ್ರಮದ ಆಫೀಸಿನವರನ್ನು ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು. ಚಾರ್ಟಿಗೆ ಸರಿ, ಅವರಿಗೆ ಕಳಿಸಬೇಕಾದ ಫೋಟೋಗೆ ಸರಿ, ಗೋಡೆಗೂ ಸರಿ. ಸರಿಯಾಗದಿದ್ದದ್ದು ಒಬ್ಬ ಮಹಬೂಬಿಗೆ ಮಾತ್ರ. "ಆಗೂದಿಲ್ಲ" ಅಂದೆ ನಾನು. "ಗೆರೆ ಎಲ್ಲಿ ಅದನೋ ಅಲ್ಲೇ ಹಾಕಬೇಕು. ಇಲ್ಲಾಂದ್ರ ನಾ ಮಷೀನ್ ತಗೊಂಡು ವಾಪಸ್ ಹೋಗ್ತೀನಿ."

ಆಪಾ ಮಗನನ್ನೇ ನೋಡಿದರು. "ಗಿರಾಕಿ ಮೈಗಿ ಬ್ಲೌಸ್ ಹೊಲೀತಾರೋ, ಬ್ಲೌಸಿಗಿ ಮೈ ಹೊಲೀತಾರೋ? ಗ್ವಾಡಿ ಸರೀಲಿ ಬೇಟಾ. ನಾ ಸರಿಯಂಗಿಲ್ಲ."

ಇಕ್ಬಾಲ್ ಹೊರಗೆ ಹೋಗಿ ತನ್ನ ಛೇಣಿ, ಸುತ್ತಿಗೆ ತಂದು, ತಾನೇ ಹಚ್ಚಿದ ಎರಡು ಟೈಲ್ಸ್ ಒಡೆದು ತೆಗೆದ. ಹಿಂದೆ ಐದೈದು ಒಣಗಿದ ಉಂಡೆಗಳು, ನಡುವೆಲ್ಲ ಗಾಳಿ. ಅವನ್ನು ಕೆತ್ತಿ, ಕಲ್ಲಿನ ಗೋಡೆಯವರೆಗೂ ಸಿಮೆಂಟ್ ತುಂಬಿದ. ತಿಳಿಹಸಿರು ಟೈಲ್ ಉಳಿದಿರಲಿಲ್ಲ. ಯಾವುದೋ ಅಡುಗೆಮನೆಯ, ದ್ರಾಕ್ಷಿ ಗೊಂಚಲಿನ ಚಿತ್ರವಿದ್ದ ಎರಡು ಟೈಲ್ಸ್ ಹಚ್ಚಿದ. ನೋಡಲು ವಿಚಿತ್ರ. ಆಪಾ ಮಾತ್ರ, "ಕೂತಲ್ಲಿ ನೋಡ್ಲಾಕ ಏನಾರ ಆತು" ಅಂದರು.

ಸಿಮೆಂಟ್ ಗಟ್ಟಿಯಾದ ಮೇಲೆ ಮತ್ತೆ ಹೋದೆ. ಹಿಡಿಕೆಯ ಎರಡು ತುದಿಗೆ ಎರಡು ದುಂಡನೆಯ ತಟ್ಟೆ, ಒಂದೊಂದಕ್ಕೆ ಮೂರು ಸ್ಕ್ರೂ, ಒಟ್ಟು ಆರು ತೂತು. ನುಣುಪಾದ ಟೈಲಿನ ಮೇಲೆ ಡ್ರಿಲ್ಲಿನ ತುದಿ ಜಾರಿ ಓಡುತ್ತದೆ, ಅದಕ್ಕೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಹಾಕಬೇಕು. ಟೈಲ್ ದಾಟುವವರೆಗೆ ಮಷೀನಿನ ಬಡಿತ, ಅಂದರೆ ಹ್ಯಾಮರ್, ಆಫ್; ನಿಧಾನ. ಆಮೇಲೆ ಕಲ್ಲಿಗೆ ಹಾಕುವ ಕೊರೆಮೊನೆ, ಅಂದರೆ ಬಿಟ್, ಹ್ಯಾಮರ್ ಆನ್. ಎಷ್ಟು ಆಳಕ್ಕೆ ಹೋಗಬೇಕೋ ಬಿಟ್ಟಿನ ಮೇಲೆ ಅಲ್ಲಿಗೆ ಒಂದು ಸುತ್ತು ಟೇಪ್. ಕೊನೆಗೆ ತೂತಿನ ಪುಡಿಯನ್ನೆಲ್ಲ ಊದಿ ತೆಗೆಯಬೇಕು. ಪುಡಿ ಉಳಿದರೆ ಸ್ಕ್ರೂ ಕೂರುವ ಪ್ಲಾಸ್ಟಿಕ್ ಪ್ಲಗ್ ಕಚ್ಚುವುದಿಲ್ಲ. ಮೊದಲ ಮೂರು ತೂತು ನಾನು ಕೊರೆದೆ. ಇಕ್ಬಾಲ್ ಕೈಕಟ್ಟಿ ನಿಂತು ನೋಡಿದ. ಮೂರನೆಯದಾದ ಮೇಲೆ ಕೈ ಚಾಚಿ, "ಕೊಡ್ರಿ ಮೇಡಂ" ಅಂದ. ಕೊಟ್ಟೆ. ನನ್ನ ತೋಳು ಆಗಲೇ ಸೋತಿತ್ತು, ಹೇಳಿರಲಿಲ್ಲ ಅಷ್ಟೇ.

ಐದನೆಯದು ಮುಗಿಯಿತು. ಆರನೆಯದಕ್ಕೆ ಒಳಗೆ ಒಂದು ಕರಿಕಲ್ಲು ಅಡ್ಡ ಬಂದು ಬಿಟ್ ಕೆಂಪಗಾಯಿತು. "ಐದು ಸಾಕ್ರೀ. ಐದರ ಮ್ಯಾಲ ಆನಿ ನಿಂದ್ರಸಬೌದು" ಅಂದ.

ನನ್ನ ಬಾಯಿಂದ ತಾನಾಗಿಯೇ ಬಂತು, "ಅಗೇನ್, ಚೈಲ್ಡ್."

"ಏನಂದ್ರಿ?"

"ಒಂದು ಹುಕ್ ಕಮ್ಮಿ ಹಚ್ಚಿದ ಬ್ಲೌಸ್ ಯಾರು ತಗೋತಾರ, ಅಂದ್ರು" ಅಂತ ಆಪಾ ಹೊರಗಿನಿಂದ ತರ್ಜುಮೆ ಮಾಡಿದರು.

ಕಾದ ಬಿಟ್ ಆರಿದ ಮೇಲೆ ಅದನ್ನು ತೆಗೆದು, ಹೊಸದೊಂದು ಹಾಕಿ, ಇಕ್ಬಾಲ್ ಕಲ್ಲನ್ನೇ ಕೊರೆದ. ಹಿಡಿಕೆ ಕೂತ ಮೇಲೆ ನಾನು ಅದರ ಮೇಲೆ ಪೂರ್ತಿ ಭಾರ ಹಾಕಿ ಎರಡೂ ಕಾಲು ಎತ್ತಿದೆ. ಆ ವಯಸ್ಸಿನಲ್ಲಿ, ಸೀರೆಯಲ್ಲಿ. ರಿಜ್ವಾನಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಇಕ್ಬಾಲನೂ ಜೋತುಬಿದ್ದು ನೋಡಿದ. ಮಿಸುಕಲಿಲ್ಲ.

"ಎಲ್ಲಾರ್ದೂ ಸರ್ಕಸ್ ಮುಗೀತಿಲ್ಲ? ನಡೀರಿ ಹೊರಗ" ಅಂದರು ಆಪಾ. ಕೋಲು ಊರಿಕೊಂಡು ಒಳಗೆ ಹೋದರು. "ಆಪಾ, ಚಿಲಕ ಹಾಕಬ್ಯಾಡ್ರಿ, ಸೇಫ್ಟಿ ರೂಲ್ ಅದ" ಅಂದೆ. ಖಟಕ್. ಚಿಲಕ ಬಿತ್ತು. ನಾವು ಮೂವರೂ ಹೊರಗೆ ತಂಬಿಗೆಯ ಸದ್ದಿಗೆ ಕಿವಿಗೊಟ್ಟು ನಿಂತೆವು. ಬರಲಿಲ್ಲ. ನೀರು ಸುರಿದ ಸದ್ದು ಬಂತು, ಆಮೇಲೆ ಬಾಗಿಲು ತೆರೆಯಿತು.

ಆಫೀಸಿನವರು, ಎತ್ತರ ಚಾರ್ಟಿನ ಪ್ರಕಾರ ಇಲ್ಲ, ಬದಲಾಯಿಸಿ ಫೋಟೋ ಕಳಿಸಿ ಅಂದರು. ಬದಲಾಯಿಸುವುದಿಲ್ಲ, ಬೇಕಾದರೆ ಚಾರ್ಟ್ ಬದಲಾಯಿಸಿ ಅಂದೆ. ಮುಂದೆ ನಾನು ಹಾಕಿಸಿದ ಒಂದು ಹಿಡಿಕೆಯೂ ಆ ಚಾರ್ಟಿನ ಮಾತು ಕೇಳಲಿಲ್ಲ. ಈ ನೌಕರಿ ನನಗೆ ಕಲಿಸಿದ್ದು ಇಷ್ಟೇ: ಮೊದಲು ಮನುಷ್ಯರ ಅಳತೆ ತೆಗೆದುಕೋ. ಗೋಡೆ ಒಪ್ಪದಿದ್ದರೆ ಗೋಡೆ ಒಡೆ. ಈಗ ಶರಣಬಸವೇಶ್ವರ ಗುಡಿ ಕಡೆಯ ನಮ್ಮ ಮನೆಯ ಬಚ್ಚಲಲ್ಲೂ ನನ್ನ ಮೊಣಕೈ ಎತ್ತರಕ್ಕೆ ಒಂದು ಹಿಡಿಕೆ ಇದೆ. ಇಕ್ಬಾಲನೇ ಬಂದು ಹಾಕಿಕೊಟ್ಟ. ಕೊರೆಯುವ ಮುಂಚೆ ಗೋಡೆ ಬಡಿದು ನೋಡಿದ.

ಮಹಬೂಬಿ ಆಪಾರನ್ನು ನಾನು ಕೊನೆಯ ಸಲ ನೋಡಿದ್ದು ಒಂದು ಬೇಸಗೆಯ ಮಧ್ಯಾಹ್ನ. ಬಚ್ಚಲಲ್ಲಿ ಇನ್ನು ಕೆಲಸವಿಲ್ಲದೆ, ತೊಳೆದು ಅಡುಗೆಮನೆ ಸೇರಿದ್ದ ಅದೇ ತಂಬಿಗೆಯ ತುಂಬ ನೀರು ತರಿಸಿ, ನನ್ನನ್ನೇ ನೋಡುತ್ತ ಗಟಗಟ ಕುಡಿದು, ಖಾಲಿ ತಂಬಿಗೆಯನ್ನು ನೆಲದ ಮೇಲೆ ಬೋರಲು ಹಾಕಿದರು. ಸ್ವಲ್ಪ ಹೊತ್ತಿಗೆ ಕೋಲು ತೆಗೆದುಕೊಂಡು ಎದ್ದರು. ನನ್ನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. "ನಕ್ಕೋ. ನಿಮ್ಮ ಬಸ್ಸಿನ ಟೈಮ್ ಆಗ್ಯಾದ, ನಡೀರಿ" ಅಂದರು. ಬಾಗಿಲು ಮುಚ್ಚಿಕೊಳ್ಳುವ ಸಂದಿನಲ್ಲಿ ಅವರ ಬೆನ್ನು ಕಂಡಿತು, ದ್ರಾಕ್ಷಿ ಗೊಂಚಲಿನ ಮೇಲೆ ಹಿಡಿಕೆಗೆ ಊರಿದ ಬಲಗೈ ಕಂಡಿತು. ಆಮೇಲೆ ಚಿಲಕ.