ಸಹಿ ತಾಳೆಯಾಗಲಿಲ್ಲ

ರೇಷ್ಮೆ ಸೀರೆ ಉಟ್ಟರೂ ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ನಮ್ಮ ಹೆಡ್ ಮೇಡಂ ಅವರನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋದದ್ದು ಅಲ್ಲಿಗೇ. ಶನಿವಾರದ ಡ್ರಿಲ್ಲಿಗೆ ಮಕ್ಕಳು ಶೂಗೆ ಸೀಮೆಸುಣ್ಣ ಉಜ್ಜಿ ಬೆಳ್ಳಗೆ ಮಾಡಿಕೊಂಡು ಬರುತ್ತಾರಲ್ಲ, ಇವರೂ ಹಾಗೇ ಉಜ್ಜಿಕೊಂಡು ಬರುತ್ತಿದ್ದರು. ನಡೆದಲ್ಲೆಲ್ಲ ನೆಲದ ಮೇಲೆ ಬಿಳಿ ಪುಡಿ. ಕೆಲಸ ಕೇಳಲು ಹೋಗಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವರು ನನ್ನ ಬಿ.ಎಡ್. ಅಂಕಪಟ್ಟಿಯಿಂದ ತಲೆ ಎತ್ತದೆಯೇ, "ನಗು, ನಗು. ಮೂವತ್ತು ವರ್ಷ ನಿಂತು ಪಾಠ ಮಾಡು, ಆಮೇಲೆ ನೀನೇ ಬಂದು ಶೂ ಅಂಗಡಿ ಎಲ್ಲಿ ಅಂತ ಕೇಳ್ತೀಯ" ಎಂದರು. ಮರುದಿನದಿಂದಲೇ ಬರಲು ಹೇಳಿದರು.

ಶಿಡ್ಲಘಟ್ಟದಿಂದ ಜಂಗಮಕೋಟೆಗೆ ಹೋಗುವ ದಾರಿಯಲ್ಲಿದ್ದ ಸಣ್ಣ ಖಾಸಗಿ ಹೈಸ್ಕೂಲು ಅದು. ನಾನು ಅಲ್ಲಿ ನಾಲ್ಕು ವರ್ಷ ಗಣಿತ ಹೇಳಿಕೊಟ್ಟೆ. ಮಕ್ಕಳಲ್ಲಿ ಹೆಚ್ಚಿನವರು ರೇಷ್ಮೆಹುಳು ಸಾಕುವ ಮನೆಯವರು. ಹುಳು ನಾಲ್ಕನೇ ಜ್ವರ ಎದ್ದ ವಾರ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಬಕಾಸುರನ ಹಾಗೆ ಸೊಪ್ಪು ತಿನ್ನಲು ಶುರುಮಾಡಿದ ವಾರ, ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ನಾನು ಗೈರುಹಾಜರಿ ಹಾಕಿ ಸಿಡುಕುತ್ತಿದ್ದೆ. ಹೆಡ್ ಮೇಡಂಗೆ ಮಾತ್ರ ಯಾರ ಮನೆಯ ಹುಳು ಎಷ್ಟನೇ ಜ್ವರದಲ್ಲಿದೆ ಎಂಬುದು ಬಾಯಿಪಾಠವಾಗಿತ್ತು. ಕಿರುಪರೀಕ್ಷೆಯ ದಿನ ಗೊತ್ತುಮಾಡುವಾಗ ಪಂಚಾಂಗಕ್ಕಿಂತ ಮೊದಲು ಅದನ್ನು ನೋಡುತ್ತಿದ್ದರು. "ಹುಳಕ್ಕೆ ಭಾನುವಾರ ಗೊತ್ತಿಲ್ಲ ಕಣಮ್ಮ. ಸೊಪ್ಪು ಕೊಯ್ದು ಹಾಕಿ ಬರ್ಲಿ, ಸಂಜೆ ನಾನೇ ಕೂರಿಸಿಕೊಂಡು ಹೇಳಿಕೊಡ್ತೀನಿ" ಎನ್ನುತ್ತಿದ್ದರು. ಹೇಳಿಕೊಡುತ್ತಲೂ ಇದ್ದರು.

ಸಿಟ್ಟು ಬಂದರೆ ಅವರ ಬಾಯಲ್ಲಿ ತೆಲುಗು. ಸಮಾಧಾನಕ್ಕೂ ತೆಲುಗೇ. ಹತ್ತನೇ ತರಗತಿಯಲ್ಲಿ ಫೇಲಾಗಿ ಅಳುತ್ತ ನಿಂತ ಹುಡುಗಿಯ ಗಲ್ಲ ಹಿಡಿದು "ಏಂ ಕಾದುಲೇಮ್ಮಾ" ಎನ್ನುವರು, ಏನೂ ಆಗಲ್ಲ ಬಿಡು ಎಂದು. ಮಾರನೆಯ ದಿನವೇ ಮರುಪರೀಕ್ಷೆಯ ಅರ್ಜಿ ತುಂಬಿಸುವರು. ಆದರೆ ಮೆತ್ತನೆಯ ಹೆಂಗಸೇನಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರೂ ಅವರ ಕೋಣೆಗೆ ಬಾಗಿಲು ತಟ್ಟಿಯೇ ಬರಬೇಕಿತ್ತು. ಅವರು ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ಮಸ್ಕತ್ತಿನ ಒಂದು ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅನುಭವ ಪತ್ರ ಕೇಳಿದಾಗ ಅವರೇ ಕೂತು, ಚೆಂದದ ಕನ್ನಡದಲ್ಲಿ, ಒಂದು ಪುಟ ತುಂಬ ಬರೆದುಕೊಟ್ಟರು. ನಾನು ಹಿಪ್ಪುನೇರಳೆ ಸೊಪ್ಪಿನ ಕಟ್ಟುಗಳನ್ನು ಹಂಚಿ ಮಕ್ಕಳಿಗೆ ಭಿನ್ನರಾಶಿ ಕಲಿಸಿದ್ದು ಕೂಡ ಅದರಲ್ಲಿತ್ತು. "ಮೇಡಂ, ಇದು ಇಂಗ್ಲಿಷಲ್ಲಿದ್ದಿದ್ರೆ..." ಎಂದು ರಾಗ ಎಳೆದೆ. "ಅಲ್ಲೂ ನಮ್ಮೋರು ಯಾರಾದ್ರೂ ಇದ್ದೇ ಇರ್ತಾರೆ, ಓದ್ತಾರೆ ಹೋಗು" ಎಂದರು. ಹಾಗೇ ಆಯಿತು. ಅಲ್ಲಿಯ ಪ್ರಿನ್ಸಿಪಾಲರು ಮಂಡ್ಯದವರು. ಓದಿ, ನಕ್ಕು, ಫೈಲಿಗೆ ಸೇರಿಸಿಕೊಂಡರು. ಇಂಗ್ಲಿಷ್ ಪತ್ರ ಬೇಕು, ಅದಕ್ಕೆ ಸರ್ಕಾರದ ಮುದ್ರೆಗಳು ಬೇಕು ಎಂಬ ಯೋಚನೆ ಐದು ವರ್ಷ ನನ್ನ ತಲೆಗೇ ಬರಲಿಲ್ಲ.

ಆರನೇ ವರ್ಷ ಮಕ್ಕಳು ಕಡಿಮೆಯಾಗಿ ಆ ಶಾಲೆ ಮುಚ್ಚುವ ಹಂತಕ್ಕೆ ಬಂತು. ಮಸ್ಕತ್ತಿನದೇ ಇನ್ನೊಂದು ಶಾಲೆ ನನ್ನನ್ನು ತೆಗೆದುಕೊಳ್ಳಲು ಒಪ್ಪಿತು. ಒಪ್ಪಿದ ಮೇಲೆ ಬೇಕಾದ ಕಾಗದಗಳ ಪಟ್ಟಿ ಕಳಿಸಿತು. ಪದವಿ ಪತ್ರ, ಪೊಲೀಸ್ ಪ್ರಮಾಣಪತ್ರ, ಹಳೆಯ ಶಾಲೆಯ ಒಪ್ಪಿಗೆ, ಎಲ್ಲ ಹೊಂದಿಸಿಕೊಂಡೆ. ಉಳಿದದ್ದು ಒಂದೇ, ಹೆಡ್ ಮೇಡಂ ಶಾಲೆಯ ಅನುಭವ ಪತ್ರ. ಅದು ಇಂಗ್ಲಿಷಿನಲ್ಲಿರಬೇಕು, ಜಿಲ್ಲೆಯ ಶಿಕ್ಷಣ ಕಚೇರಿಯಿಂದ ಹಿಡಿದು ದೆಹಲಿಯ ರಾಯಭಾರ ಕಚೇರಿಯವರೆಗೆ ಎಲ್ಲರ ಮುದ್ರೆಯೂ ಅದರ ಮೇಲೆ ಬಿದ್ದಿರಬೇಕು. ನನ್ನ ವೀಸಾ ಮುಗಿಯಲು ಎರಡು ತಿಂಗಳಿತ್ತು. ಗಂಡ ಬೆನ್ನಿನ ಆಪರೇಷನ್ ಆಗಿ ಕೆಲಸ ಬಿಟ್ಟು ಮನೆಯಲ್ಲಿದ್ದರು. ಅವರೂ ಮಗಳೂ ಅಲ್ಲಿದ್ದದ್ದು ನನ್ನ ವೀಸಾದ ಮೇಲೆ. ನನ್ನದು ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕಿತ್ತು.

ಹೆಡ್ ಮೇಡಂಗೆ ಫೋನ್ ಮಾಡಿದೆ. ಮಾತು ಎಳೆದೆಳೆದು ಬರುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ. "ಕಳಿಸ್ತೀನಿ ಬಿಡಮ್ಮ" ಎಂದರು. ವಾರದಲ್ಲಿ ಶಾಲೆಯ ಜವಾನ ಟೈಪ್ ಮಾಡಿದ ಪತ್ರ ತಂದು ಚಿಕ್ಕಬಳ್ಳಾಪುರದಲ್ಲಿದ್ದ ನನ್ನ ತಮ್ಮನಿಗೆ ಕೊಟ್ಟ. ತಮ್ಮ ಅದನ್ನು ಜಿಲ್ಲಾ ಕಚೇರಿಗೆ ಒಯ್ದ. ಅಲ್ಲಿ ಪ್ರತಿ ಶಾಲೆಯ ಮುಖ್ಯಸ್ಥರ ಮಾದರಿ ಸಹಿ ಇಟ್ಟುಕೊಂಡಿರುತ್ತಾರೆ. ಅದರ ಪಕ್ಕದಲ್ಲಿಟ್ಟು ನೋಡಿ, ಸಹಿ ತಾಳೆಯಾಗುತ್ತಿಲ್ಲ ಎಂದು ವಾಪಸು ಕಳಿಸಿದರು. ತಮ್ಮ ನನಗೆ ಫೋಟೊ ಹಾಕಿದ. ನೋಡಿದರೆ ಕಾಗೆ ಕಾಲು, ಗುಬ್ಬಿ ಕಾಲು. ಎಲ್ಲೋ ಹೊರಡುವ ಅವಸರದಲ್ಲಿ ನಿಂತುಕೊಂಡೇ ಗೀಚಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು.

ನನ್ನ ನಾಲಿಗೆ ಮೊದಲಿಂದಲೂ ನನ್ನ ಕೈಮೀರಿದ್ದು. ಆ ದಿನ ಅದಕ್ಕೆ ಹೆದರಿಕೆಯೂ ಸೇರಿತ್ತು. "ಮೇಡಂ, ಒಂದು ಸೈನು ನೆಟ್ಟಗೆ ಮಾಡೋಕಾಗಲ್ವಾ ನಿಮಗೆ? ಇಲ್ಲಿ ನನ್ನ ಮಗಳ ಸ್ಕೂಲು, ಮನೆ, ಎಲ್ಲ ಹೋಗ್ತಾ ಇದೆ. ನಿಮಗೇನು, ಎರಡು ನಿಮಿಷದ ಕೆಲಸ" ಎಂದೆ.

"ತಪ್ಪಾಯ್ತು ಕಣಮ್ಮ. ಎರಡು ವಾರ ಟೈಮು ಕೊಡು" ಎಂದರು.

ಒಂದು ಸಹಿಗೆ ಎರಡು ವಾರವೇ ಎಂದು ಹಲ್ಲು ಕಡಿಯುತ್ತ ಫೋನ್ ಇಟ್ಟೆ. ಅಂಥವರ ಬಾಯಲ್ಲಿ ತಪ್ಪಾಯ್ತು ಎಂಬ ಮಾತು ಬಂತಲ್ಲ, ಏಕೆ ಬಂತು ಎಂದು ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಎರಡು ವಾರಕ್ಕೆ ಸರಿಯಾಗಿ ಹೊಸ ಪತ್ರ ಬಂತು. ಸಹಿ ತಾಳೆಯಾಯಿತು. ಒಂದರ ಹಿಂದೆ ಒಂದು ಮುದ್ರೆ ಬಿದ್ದು, ವೀಸಾ ಮುಗಿಯಲು ಆರು ದಿನವಿದ್ದಾಗ ಕಾಗದ ನನ್ನ ಕೈಸೇರಿತು. ತಮ್ಮನಿಗೆ ಶರ್ಟು ಕಳಿಸಿದೆ, ಜವಾನನಿಗೆ ಖರ್ಜೂರ. ಹೆಡ್ ಮೇಡಂಗೆ ಒಂದು ಮೆಸೇಜು ಹಾಕಿದೆ, "ಪೇಪರ್ ಓಕೆ ಆಯ್ತು ಮೇಡಂ, ಥ್ಯಾಂಕ್ಸ್." ಬೈದದ್ದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ರಜೆಗೆ ಹೋದಾಗ ಎದುರಿಗೇ ಕ್ಷಮೆ ಕೇಳೋಣ, ಇಂಥದ್ದು ಫೋನಿನಲ್ಲಿ ಚೆನ್ನಾಗಿರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ರಜೆಗೆ ಮಗಳ ಪರೀಕ್ಷೆ ಅಡ್ಡ ಬಂತು.

ಹನ್ನೊಂದು ತಿಂಗಳು ಕಳೆದಿತ್ತು. ಹಳೆಯ ಟೀಚರುಗಳ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು. ಅದಕ್ಕೆ ಹಾರ ಹಾಕಿತ್ತು.

ಮೇಲೂರಿನ ಅವರ ಮನೆಗೆ ನಾನು ಹೋಗುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಅಕ್ಕತಂಗಿ ಇಬ್ಬರೇ ಇದ್ದ ಮನೆ ಅದು. ತಂಗಿ ಕಾಫಿ ಕೊಟ್ಟರು. ನಾನು ಯಾರೆಂದು ಹೇಳಿದೆ.

"ಓ, ಮಸ್ಕತ್ ಟೀಚರಾ ನೀವು? ನಿಮಗೆ ಗೊತ್ತಿರಲ್ಲ ಬಿಡಿ. ನೀವು ಫೋನ್ ಮಾಡೋಕೆ ಮೂರು ತಿಂಗಳು ಮುಂಚೆ ಅಕ್ಕಂಗೆ ಲಕ್ವ ಹೊಡೆದಿತ್ತು. ಬಲಗೈ ಪೂರ್ತಿ ಬಿದ್ದೋಗಿತ್ತು."

ನನ್ನ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

"ಸ್ಕೂಲಿನೋರು ಚಾರ್ಜ್ ಕೊಟ್ಬಿಡಿ ಅಂತಿದ್ರು. ಕೊಡೋಳೇ ಇದ್ಲು. ಅಷ್ಟರಲ್ಲಿ ನಿಮ್ಮ ಫೋನು ಬಂತು. ಹೊಸಬರು ಬಂದ್ರೆ ಅವರ ಸೈನು ಆಫೀಸಲ್ಲಿ ಏರೋಕೇ ತಿಂಗಳುಗಟ್ಟಲೆ ಆಗುತ್ತೆ, ಆ ಮಗು ಕಾಗದ ನಿಂತೋಗುತ್ತೆ ಅಂತ ತಡೆದ್ಲು. ನಿಮ್ಮ ಕಾಗದ ಆಯ್ತು ಅಂತ ಮೆಸೇಜ್ ಬಂದ ಮಾರನೇ ದಿನ ಚಾರ್ಜ್ ಕೊಟ್ಟು ಬಂದ್ಲು."

ಒಳಗೆ ಹೋಗಿ ಮೂರು ಪುಸ್ತಕ ತಂದು ನನ್ನ ಮುಂದಿಟ್ಟರು. ಚಿಕ್ಕ ಮಕ್ಕಳು ಅಕ್ಷರ ತಿದ್ದುವ ಗೆರೆ ಕಾಪಿ ಪುಸ್ತಕಗಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವರ ಸಹಿ, ಬರೀ ಸಹಿ. ಶುರುವಿನಲ್ಲಿ ಅದು ಗೆರೆ ಬಿಟ್ಟು ಎಲ್ಲೆಲ್ಲೋ ಓಡಿಹೋಗಿತ್ತು. ಕೆಲವು ಕಡೆ ಕಾಗದವೇ ಹರಿದಿತ್ತು. ಪುಟದ ತಲೆಯ ಮೇಲೆ ದಿನಾಂಕ, ಸರಿಬಾರದ ಸಹಿಗಳಿಗೆ ಇಂಟು ಗುರುತು, ಕೊನೆಯಲ್ಲಿ ತಂಗಿಯ ದುಂಡಗಿನ ಅಕ್ಷರದಲ್ಲಿ "ಇನ್ನೊಂದು ಸಲ ಬರೆ." ಅಕ್ಕ ಹೇಳಿ ಬರೆಸಿದ್ದಂತೆ. ನಾನು ಫೋನಿನಲ್ಲಿ ಬೈದ ತಾರೀಕು ನನಗೆ ಚೆನ್ನಾಗಿ ನೆನಪಿತ್ತು. ಹುಡುಕಿದೆ. ಆ ದಿನ ಒಂಬತ್ತು ಪುಟ ಬರೆದಿದ್ದರು.

"ಬೆರಳಿಗೆ ಪೆನ್ನು ಇಟ್ಟು ನಾನು ರಬ್ಬರ್ ಬ್ಯಾಂಡ್ ಹಾಕ್ತಿದ್ದೆ. ಎಡಗೈಲಿ ಬಲಗೈ ಹಿಡ್ಕೊಂಡು ತಳ್ಳೋಳು. ನೋಡೋಕಾಗದೆ ನಾನೇ ಅಂದೆ, ಹಿಂಗಾಗಿದೆ ಅಂತ ಆಯಮ್ಮಂಗೆ ಒಂದು ಮಾತು ಹೇಳ್ಬಿಡ್ತೀನಿ ಅಂತ. ಬ್ಯಾಡ, ಮೊದ್ಲೇ ಗಾಬರಿಲಿದೆ ಆ ಮಗು ಅಂದ್ಲು. ಜವಾನನ ಬಾಯಿಗೂ ಬೀಗ ಹಾಕಿದ್ಲು."

ನಾನು ಅಲ್ಲಿ ಕೂತು ಅತ್ತೆ. ಆಕೆ ನನ್ನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಆರಿದ ಕಾಫಿಯನ್ನು ಬಿಸಿ ಮಾಡಿ ತಂದುಕೊಟ್ಟರು.

ಹೊಸ ಶಾಲೆಯಲ್ಲಿ ವೀಸಾ ನವೀಕರಣ ಬಂದಾಗಲೆಲ್ಲ ನನ್ನ ಫೈಲು ಹೊರಗೆ ಬರುತ್ತದೆ. ಕಚೇರಿಯ ಹುಡುಗಿ ಹಾಳೆ ಮಗುಚುವಾಗ ಆ ಪತ್ರ ಒಂದು ಕ್ಷಣ ಕಾಣಿಸುತ್ತದೆ. ಅವಳು ಅಲ್ಲಿ ನಿಲ್ಲುವುದಿಲ್ಲ. ನಿಲ್ಲುವಂಥದ್ದೇನೂ ಇಲ್ಲ, ಸಹಿ ನೆಟ್ಟಗಿದೆ. ಅದರ ಮೇಲೆ ನನ್ನ ಸಂಬಳ, ಗಂಡನ ಔಷಧಿ, ಮಗಳ ಶಾಲೆ ಎಲ್ಲ ನಿಂತಿದೆ. ಕ್ಷಮಿಸಿ ಮೇಡಂ ಎನ್ನಲು ನನಗೆ ಹನ್ನೊಂದು ತಿಂಗಳು ಸಿಕ್ಕಿತ್ತು. ಅವರು ನನ್ನಿಂದ ಕೇಳಿದ್ದು ಎರಡು ವಾರ.