ಅಟ್ಟದಿಂದ ಇಳಿದ ಪದ

ಹಾಲ್ಕುರಿಕೆಯ ಕೊಲ್ಲಾಪುರಮ್ಮನ ಎದುರು ಕೊಬ್ಬರಿ ಎಂಬ ಪದವನ್ನು ಹುಷಾರಾಗಿ ಬಳಸಬೇಕು. ತೆಂಗಿನಕಾಯಿ ವರ್ಷವಿಡೀ ಅಟ್ಟದಲ್ಲಿ ಒಣಗಿ, ಅಲ್ಲಾಡಿಸಿದರೆ ಒಳಗಿನ ತಿರುಳು ಲೊಡಲೊಡ ಎನ್ನುವ ತನಕ ಅದನ್ನು ಕೊಬ್ಬರಿ ಎನ್ನಲು ಆಕೆ ಯಾರನ್ನೂ ಬಿಡುವುದಿಲ್ಲ. ಮಂಡಿಯ ವ್ಯಾಪಾರಿಯಾದರೂ ಅಷ್ಟೆ, ಮಠದ ಸ್ವಾಮಿಗಳಾದರೂ ಅಷ್ಟೆ. ಕಾಲೇಜಿನ ಮೇಷ್ಟ್ರೊಬ್ಬರು ಈ ಪದ ಎಲ್ಲಿಂದ ಬಂತೆಂದು ಕೇಳಿದಾಗ, "ಅಟ್ಟದಿಂದ ಕಣ್ರೀ, ಬರ್ಕಳಿ" ಎಂದಳು. ಉಚ್ಚಾರಣೆ? "ಕೊಬ್ರಿ. ನಿಮ್ಮ ಪುಸ್ತಕದಾಗೆ ಬ್ಯಾರೆ ಇದ್ರೆ ತಿದ್ಕಳಿ." ಬಹುವಚನ? "ರಾಶಿ ಹಾಕಿದ್ರೂ ಕೊಬ್ರಿನೇ." ಗಂಡ ಗಂಗರಾಜು ಸಾಯುವ ಮುಂಚೆ ಅಟ್ಟಕ್ಕೇರಿಸಿದ ಕಾಯಿಗಳಲ್ಲಿ ಒಂದನ್ನು ಆಕೆ ಹಾಗೇ ಉಳಿಸಿಕೊಂಡಿದ್ದಾಳೆ. ದಿನಾ ಬೆಳಿಗ್ಗೆ ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ. ಮೂರು ವರ್ಷದಿಂದ ಅದು ಲೊಡಲೊಡ ಎನ್ನುತ್ತಲೇ ಇದೆ. "ಒಡೀಲಾ ಅತ್ತೆ?" ಎಂದು ಸೊಸೆ ನಯನ ಕೇಳಿದರೆ, "ಅದಿನ್ನೂ ಕಾಯಿ ಕಣೇ, ಬುಡು" ಎನ್ನುತ್ತಾಳೆ.